ಕಟವಪ್ರಗಿರಿಯ ಶಿಲೆ ಮತ್ತು ವನ

ಶ್ರವಣಬೆಳಗೊಳದ ಚಿಕ್ಕಬೆಟ್ಟವು ಸಮುದ್ರಮಟ್ಟದಿಂದ 3052 ಅಡಿ ಎತ್ತರದಲ್ಲಿದ್ದರೂ ಸುತ್ತಣ ಬಯಲಿನಿಂದ ಮೇಲೇಳುವುದು ಸುಮಾರು 175 ಅಡಿ ಮಾತ್ರ. ಭದ್ರಬಾಹು ಶ್ರುತಕೇವಲಿಗಳೊಡನೆ ಬಂದ ಚಂದ್ರಗುಪ್ತ ಮುನಿಗಳ ನೆನಪಿನಿಂದ ಇದು ಚಂದ್ರಗಿರಿಯಾಯಿತೆಂಬುದು ಪರಂಪರೆ. ಪ್ರಾಚೀನ ಶಾಸನಗಳಲ್ಲಾದರೋ ಸಂಸ್ಕೃತದಲ್ಲಿ ಕಟವಪ್ರ, ಕನ್ನಡದಲ್ಲಿ ಕಳ್ವಪ್ಪು ಅಥವಾ ಕಲ್ಬಪ್ಪು. ಯಾವ ರೂಪದಿಂದ ಯಾವುದು ಬಂದಿತೆಂಬ ಚರ್ಚೆ ಏನೇ ಇರಲಿ, ಕಲ್ಲೇ ಈ ಬೆಟ್ಟದ ಸರ್ವಸ್ವ.

ಆ ಕಲ್ಲು ಗ್ರಾನೈಟ್ ಜಾತಿಯದು. 250 ಕೋಟಿ ವರ್ಷಗಳಿಗೂ ಹಿಂದೆ ಭೂಗರ್ಭದಲ್ಲಿ ರೂಪುಗೊಂಡದ್ದು. ಮೇಲಿನ ಭಾರ ಸವೆದುಹೋದಂತೆ ಬಂಡೆಯು ಹಿಗ್ಗಿ, ಬಾಳೆಯ ಪಟ್ಟೆಗಳಂತೆ ಪದರಪದರವಾಗಿ ಬಿಚ್ಚಿಕೊಳ್ಳುತ್ತದೆ. ಬೆಟ್ಟಕ್ಕೆ ದುಂಡಾಕಾರವನ್ನು ಕೊಟ್ಟ ಈ ಕ್ರಿಯೆಯೇ ಅದರ ಮೈಮೇಲೆ ಕೊರೆದ ಅಕ್ಷರಗಳನ್ನೂ ಕಳಚಬಲ್ಲದು.

ಆ ಅಕ್ಷರಗಳಲ್ಲಿ ಮುಖ್ಯವಾದುದು ಪಾರ್ಶ್ವನಾಥ ಬಸದಿಯ ಬಳಿಯ ಬಂಡೆಯ ಮೇಲಿರುವ, ಸುಮಾರು ಕ್ರಿ.ಶ. 600ರ ಪ್ರಭಾಚಂದ್ರ ಶಾಸನ. ನೀರು ತುಂಬಿದ ಮೋಡದಂತೆ ಕಪ್ಪಾದ ಬಂಡೆಗಳು, ಅವುಗಳ ಮೇಲೆ ನಾನಾ ವೃಕ್ಷಗಳಿಂದ ಉದುರಿದ ಹೂವಿನ ಚಿತ್ತಾರ. ತಪ್ಪಲಿನ ಗುಹೆ-ಗಹನಗಳಲ್ಲಿ ಹಂದಿ, ಚಿರತೆ, ಹುಲಿ, ಕರಡಿ, ಕತ್ತೆಕಿರುಬ, ಸರ್ಪ, ಜಿಂಕೆ. ಇದರಲ್ಲಿ ಕಾವ್ಯರೂಢಿ ಇಲ್ಲವೆನ್ನಲಾಗದು. ಆದರೂ ಬಂಡೆಯ ಕಪ್ಪು ಕಣ್ಣಾರೆ ಕಂಡು ಬರೆದಂತಿದೆ. ಮಳೆನೀರು ಹರಿಯುವೆಡೆ ಪಾಚಿ, ಕಲ್ಲುಹೂಗಳು ಗ್ರಾನೈಟಿಗೆ ಕಪ್ಪುಬಣ್ಣ ತರುತ್ತವೆ. ವೃಕ್ಷಗಳ ಹೆಸರನ್ನು ಮಾತ್ರ ಶಾಸನಕವಿ ಹೇಳದೆ ಬಿಟ್ಟಿರುವುದು ದುರ್ದೈವ. ಇಂದು ಬಿರುಕುಗಳಲ್ಲಿ ಮಣ್ಣು ನಿಂತಲ್ಲಿ ಹುಲ್ಲು, ಕುರುಚಲು ಗಿಡ, ಅಲ್ಲೊಂದು ಇಲ್ಲೊಂದು ಮರ.

ಅದೇ ಶಾಸನದ ಕೊನೆಯಲ್ಲಿ 700 ಋಷಿಗಳು ಸಮಾಧಿಯನ್ನು ಸಾಧಿಸಿದ ಮಾತಿದೆ. ಅವರ ಸುತ್ತಲಿದ್ದ ಕಾಡಿಗೆ ಬಂಡೆಯ ಮೇಲಿನ ಈ ಕೆಲವು ಸಾಲುಗಳೇ ಸಾಕ್ಷಿ. ಬಿ.ಎಲ್. ರೈಸರ 1889ರ ಶಾಸನಸಂಪುಟದಲ್ಲಿ ಅವು ಅಚ್ಚಾಗಿವೆ.