ಹೆಣ ಕಾಯುವ ಹೊತ್ತು

ಹೋದ ವರ್ಷ ನಮ್ಮ ಕಾಲೇಜಿನಲ್ಲಿ ‘ಸಂಸ್ಕಾರ’ ಚಿತ್ರವನ್ನು ವಿದ್ಯಾರ್ಥಿಗಳಿಗೆ ತೋರಿಸಿದೆವು. ನವಲಗುಂದದ ಸುತ್ತಲಿನ ಎರೆಹೊಲಗಳ ಮಕ್ಕಳು ಅವರು. ಮಲೆನಾಡಿನ ಅಗ್ರಹಾರವೆಂದರೆ ಅವರಿಗೆ ಪಠ್ಯಪುಸ್ತಕದ ಮಾತು. ಚಿತ್ರ ಮುಗಿದ ಬಳಿಕ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ನಮ್ಮ ಓಣ್ಯಾಗೂ ಹೆಣಾ ಎತ್ತೂತನಕ ಒಲಿ ಹಚ್ಚೂದಿಲ್ರಿ ಸರ. ಆದ್ರ ಅಲ್ಲೆ ಯಾಕ ಅಷ್ಟೊತ್ತು ಹಿಡೀತ್ರಿ?” ಎಂದು ಕೇಳಿದ. ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ. ಜಾತಿ, ಧರ್ಮ, ಪಾಪಪುಣ್ಯಗಳನ್ನು ಕುರಿತು ಈ ಚಿತ್ರದ ಸುತ್ತ ಬೇಕಾದಷ್ಟು ಚರ್ಚೆಯಾಗಿದೆ. ಆ ಹುಡುಗ ಕೈಯಿಟ್ಟದ್ದು ಮಾತ್ರ ಅದರ ಮರ್ಮಕ್ಕೆ. ‘ಸಂಸ್ಕಾರ’ ಹೊತ್ತಿನ ಕಥೆ.

ಆಚಾರ ತೊರೆದ ನಾರಣಪ್ಪ ಶಿವಮೊಗ್ಗೆಯಿಂದ ಜ್ವರ ಹೊತ್ತು ಬಂದು ದೂರ್ವಾಸಪುರದಲ್ಲಿ ಸಾಯುತ್ತಾನೆ. ಮಕ್ಕಳಿಲ್ಲದ ಅವನಿಗೆ ಸಂಸ್ಕಾರ ಮಾಡುವವರು ಯಾರು? ಉತ್ತರ ಹೊಳೆಯುವವರೆಗೆ ಅಗ್ರಹಾರಕ್ಕೆ ಊಟವಿಲ್ಲ, ಪೂಜೆಯಿಲ್ಲ. ಸ್ನಾನ, ಪಾರಾಯಣ, ರೋಗಿ ಹೆಂಡತಿಯ ಆರೈಕೆ ಎಂದು ಗಡಿಯಾರದಂತೆ ನಡೆದಿದ್ದ ಪ್ರಾಣೇಶಾಚಾರ್ಯರ ದಿನಚರಿ ಒಮ್ಮೆಲೆ ನಿಂತುಬಿಡುತ್ತದೆ. ಹೆಣದ ಕಾಲ ಮಾತ್ರ ನಿಲ್ಲುವದಿಲ್ಲ. ಅದು ಕೊಳೆಯುತ್ತದೆ, ನಾರುತ್ತದೆ. ಇಲಿಗಳು ಬೀಳುತ್ತವೆ, ಹದ್ದುಗಳು ಇಳಿಯುತ್ತವೆ. ಶಾಸ್ತ್ರ ತಾಳೆಗರಿಗಳಲ್ಲಿ ಉತ್ತರ ಹುಡುಕುವಷ್ಟರಲ್ಲಿ ದೇಹ ತನ್ನ ದಾರಿ ಹಿಡಿದಿರುತ್ತದೆ. ಕೊನೆಗೆ ಚಂದ್ರಿ ಮೀನು ವ್ಯಾಪಾರಿ ಸಾಬಿಯೊಬ್ಬನ ನೆರವಿನಿಂದ ರಾತ್ರಿಯಲ್ಲಿ ಹೆಣವನ್ನು ಸುಟ್ಟು ಹೊರಟುಹೋಗುತ್ತಾಳೆ. ಬ್ರಾಹ್ಮಣರಿಗೆ ಇದರ ಸುಳಿವಿಲ್ಲ. ಬೂದಿಯಾಗಿಹೋದ ಪ್ರಶ್ನೆಗೆ ಉತ್ತರ ಹುಡುಕುತ್ತ ಅವರು ಊರೂರು ಅಲೆಯುತ್ತಾರೆ. ಇದಕ್ಕಿಂತ ಕಠೋರವಾದ ವಿನೋದವನ್ನು ನಮ್ಮ ಸಾಹಿತ್ಯದಲ್ಲಿ ನಾನು ಕಂಡಿಲ್ಲ.

ಕಾಲದ ಈ ವಿಚಾರ ಕಥೆಯ ಹುಟ್ಟಿನಲ್ಲಿಯೇ ಇದ್ದಿತು. ಅದೂ ಒಂದು ಚಿತ್ರದಿಂದಲೇ ಬಂದುದು ಸೋಜಿಗ. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ನಡೆಸಿದ್ದಾಗ ಗುರು ಮಾಲ್ಕಂ ಬ್ರಾಡ್‌ಬರಿಯವರೊಡನೆ ಇಂಗ್ಮಾರ್ ಬರ್ಗ್‌ಮನ್ನನ ‘ದಿ ಸೆವೆಂತ್ ಸೀಲ್’ (1957) ನೋಡಿದರು. ಪ್ಲೇಗು ಹರಡಿದ ನಾಡಿಗೆ ಯುದ್ಧದಿಂದ ಮರಳುವ ಯೋಧನೊಬ್ಬ ಮೃತ್ಯುವಿನೊಡನೆ ಚದುರಂಗವಾಡುವ ಸ್ವೀಡಿಶ್ ಚಿತ್ರ ಅದು. ಅಂದು ಪರದೆಯ ಮೇಲೆ ಇಂಗ್ಲಿಷ್ ಸಾಲುಗಳೂ ಇರಲಿಲ್ಲ. ಯುರೋಪಿನವನು ಮಧ್ಯಯುಗವನ್ನು ಓದಿ ಕಲ್ಪಿಸಿಕೊಳ್ಳಬೇಕು, ಭಾರತದಲ್ಲಿ ಅದು ಇಂದಿಗೂ ಪಕ್ಕದ ಮನೆಯಲ್ಲಿದೆ ಎಂಬ ಅರ್ಥದ ಮಾತನ್ನು ಅವರು ಗುರುವಿಗೆ ಹೇಳಿದರು. ಹಾಗಾದರೆ ಅದನ್ನೇ ಬರೆಯಿರಿ ಎಂದರು ಗುರುಗಳು.

ಬರೆದುದು ಬೆಳಕು ಕಂಡದ್ದು ನಮ್ಮ ಧಾರವಾಡದಲ್ಲಿ. ಜಿ. ಬಿ. ಜೋಶಿಯವರ ಮನೋಹರ ಗ್ರಂಥಮಾಲೆ 1965ರಲ್ಲಿ ಕಾದಂಬರಿಯನ್ನು ಪ್ರಕಟಿಸಿತು. ಅದೇ ಅಟ್ಟದ ಗೆಳೆಯರ ಬಳಗದ ಗಿರೀಶ ಕಾರ್ನಾಡರು ಆಗ ಮದರಾಸಿನಲ್ಲಿ ಆಕ್ಸ್‌ಫರ್ಡ್ ಪ್ರೆಸ್ಸಿನ ನೌಕರಿಯಲ್ಲಿದ್ದು, ಮದ್ರಾಸ್ ಪ್ಲೇಯರ್ಸ್ ನಾಟಕ ತಂಡದಲ್ಲಿದ್ದರು. ತೆಲುಗು ಕವಿ ಪಟ್ಟಾಭಿರಾಮ ರೆಡ್ಡಿಯವರ ಪತ್ನಿ ಸ್ನೇಹಲತಾ ಅದೇ ತಂಡದವರು. ರೆಡ್ಡಿಯವರು ದಿಗ್ದರ್ಶಕರಾದರು. ಕಾರ್ನಾಡರು ಚಿತ್ರಕಥೆ ಬರೆದು ಆಚಾರ್ಯರಾದರು. ಸ್ನೇಹಲತಾ ಚಂದ್ರಿಯಾದರು, ಲಂಕೇಶರು ನಾರಣಪ್ಪನಾದರು. ಸರೋದ್ ವಾದಕ ರಾಜೀವ ತಾರಾನಾಥರು ಸಂಗೀತ ಕೊಟ್ಟರು. ಛಾಯಾಗ್ರಹಣಕ್ಕೆ ಬಂದವನು ಆಸ್ಟ್ರೇಲಿಯದ ಟಾಮ್ ಕೋವನ್.

ಇಲ್ಲಿ ಓದುಗರು ಒಂದು ಗಳಿಗೆ ನಿಲ್ಲಬೇಕು. ಸ್ವೀಡಿಶ್ ತಿಳಿಯದ ಕನ್ನಡಿಗನ ಕಣ್ಣಿಗೆ ಬಿದ್ದ ಚಿತ್ರದಿಂದ ಹುಟ್ಟಿದ ಕಥೆಯನ್ನು ಕನ್ನಡ ತಿಳಿಯದ ಪರದೇಶಿಯ ಕಣ್ಣು ಮತ್ತೆ ಚಿತ್ರವಾಗಿಸಿತು. ಶೃಂಗೇರಿಯ ಹತ್ತಿರದ ವೈಕುಂಠಪುರದಲ್ಲಿ ಕಪ್ಪು–ಬಿಳುಪಿನಲ್ಲಿ ಚಿತ್ರೀಕರಣ ನಡೆಯಿತು. ಮಾತಿನ ಅರ್ಥ ಗೊತ್ತಿಲ್ಲದವನು ಏನನ್ನು ನೋಡಿಯಾನು? ಮುಖವನ್ನು, ಮೈಯನ್ನು, ಬೆಳಕನ್ನು. ಜಗಲಿಯ ಮೇಲೆ ಹಸಿದು ಕುಳಿತವರ ಮುಖಗಳನ್ನು ಕೋವನ್ನನ ಕ್ಯಾಮರಾ ನಮ್ಮ ಅಂದಿನ ಬೋಲಪಟಗಳು ಎಂದೂ ಕೊಡದಷ್ಟು ಹೊತ್ತು ನೋಡುತ್ತದೆ. ಮನೆಯೊಳಗಿನ ಕತ್ತಲೆ ಕತ್ತಲೆಯಾಗಿಯೇ ಉಳಿಯುತ್ತದೆ. ಸ್ಟುಡಿಯೋದ ದೀಪಗಳಲ್ಲಿ ಹೊತ್ತು ಗೊತ್ತಾಗುವದಿಲ್ಲ. ಇಲ್ಲಿ ಮಧ್ಯಾಹ್ನ ಏರುವದನ್ನೂ ಸಂಜೆ ಇಳಿಯುವದನ್ನೂ ಗೋಡೆ, ಮರ, ಬರಿಮೈಗಳ ಮೇಲೆ ಕಾಣಬಹುದು. ಹಸಿವು ಹೆಚ್ಚುವದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಕಾದಂಬರಿಯನ್ನು ಮೆಚ್ಚಿದವರಿಗೆ ಒಂದು ತಕರಾರುಂಟು. ಆಚಾರ್ಯರ ಅಂತರಂಗದ ಸಂವಾದವೆಲ್ಲ ಚಿತ್ರದಲ್ಲಿ ಸೋರಿಹೋಯಿತು ಎನ್ನುತ್ತಾರೆ. ಉತ್ತರಾರ್ಧದ ಮಟ್ಟಿಗೆ ನಾನೂ ಇದನ್ನು ಒಪ್ಪುತ್ತೇನೆ. ಜಾತ್ರೆಯ ಭಾಗದಲ್ಲಿ ಕ್ಯಾಮರಾ ತುಸು ಪ್ರವಾಸಿಯಾಗಿಬಿಡುತ್ತದೆ. ಆಚಾರ್ಯರ ಒಳಗಿನ ಕುದಿಗಿಂತ ಹೊರಗಿನ ಗದ್ದಲವೇ ಅದಕ್ಕೆ ರುಚಿಸಿದಂತೆ ಕಾಣುತ್ತದೆ. ಆದರೆ ಮೊದಲ ಭಾಗದ ಕಾಯುವಿಕೆ ಕಾದಂಬರಿಯಲ್ಲಿಯೂ ಇಷ್ಟು ಮೈಗೆ ಹತ್ತುವದಿಲ್ಲ. ಓದುವಾಗ ನಾವು ಪುಟ ಮಗುಚಿ ಮುಂದೆ ಹೋಗಬಹುದು. ಚಿತ್ರದಲ್ಲಿ ಆ ಬ್ರಾಹ್ಮಣರ ಜೊತೆ ಕೂಡ್ರಲೇಬೇಕು.

ಕಾಯುವ ಪಾಳಿ ಚಿತ್ರಕ್ಕೂ ಬಂದಿತು. ಜಾತಿಯೊಂದರ ಮನ ನೋಯುವದೆಂದು ಮದರಾಸಿನ ಸೆನ್ಸಾರ್ ಮಂಡಳಿ ಅದನ್ನು ತಡೆಯಿತು. ಕೇಂದ್ರ ಸರಕಾರ ಆ ತಡೆಯನ್ನು ತೆರವುಗೊಳಿಸಿತು. 1970ರ ಶ್ರೇಷ್ಠ ಕಥಾಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂದಿತು. ಕನ್ನಡಕ್ಕೆ ಆ ಮನ್ನಣೆ ಅದೇ ಮೊದಲು.

ಇಂದು ನೋಡುವವನಿಗೆ ಅದರಲ್ಲಿ ಇನ್ನೊಂದು ಕಾಲ ಸೇರಿಕೊಂಡಿದೆ. ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಸ್ನೇಹಲತಾ ಅವರನ್ನು ಬೆಂಗಳೂರಿನ ಸೆರೆಮನೆಗೆ ಹಾಕಿದರು. ಉಬ್ಬಸದಿಂದ ಬಳಲಿದ ಅವರು 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಲಂಕೇಶರು 2000ದಲ್ಲಿ, ಕಾರ್ನಾಡರು 2019ರಲ್ಲಿ ಹೋದರು. ಪರದೆಯ ಮೇಲಿನ ಆಚಾರ್ಯರಿಗೆ ಇನ್ನೂ ಮೂವತ್ತರ ಆಸುಪಾಸು. ಚಂದ್ರಿ ಇನ್ನೂ ಕಾಡಿನ ಕತ್ತಲೆಯಲ್ಲಿ ನಿಂತಿದ್ದಾಳೆ.

ಹುಡುಗನಿಗೆ ಅಂದು ನಾನು ಸರಿಯಾದ ಉತ್ತರ ಕೊಡಲಿಲ್ಲ, ಗಂಟೆ ಬಾರಿಸಿತು. ಮರುದಿನ ಅವನು ಗ್ರಂಥಾಲಯದಿಂದ ಕಾದಂಬರಿಯನ್ನು ಒಯ್ದ. ಇನ್ನೂ ಮರಳಿ ತಂದಿಲ್ಲ.