ಒಂಬತ್ತನೆಯ ದಿನ

ಹೆಬ್ಬೆ ಜಲಪಾತ ನೋಡಲು ಹೋಗುವವರು ಕೆಮ್ಮಣ್ಣುಗುಂಡಿಯ ಕೆಳಗಿನ ಕಾಫಿ ತೋಟಗಳನ್ನು ದಾಟಬೇಕು. ತೋಟಗಳ ಈ ಸೀಮೆಯಲ್ಲಿ ಬಟವಾಡೆ, ಸಂತೆ, ಕುಡಿತ ಮೂರೂ ಒಂದರ ಬೆನ್ನಿಗೊಂದು ಬರುತ್ತವೆ. ಘಟ್ಟದ ಮೇಲೆ ಬೈನೆ ಮರದ ಹೆಂಡ. ಕೆಳಗೆ ತರೀಕೆರೆ, ಅಜ್ಜಂಪುರ, ಕಡೂರಿನ ಬಯಲಲ್ಲಿ ಈಚಲು, ತೆಂಗಿನ ಹೆಂಡ. ಆಮೇಲೆ ಎರಡೂ ಕಡೆಗೆ ಸಾರಾಯಿ. ಇಡೀ ಜಿಲ್ಲೆಗೆ ಕಡೂರು ಎಂದೇ ಹೆಸರಿದ್ದ ಕಾಲದಿಂದಲೂ ಅಬಕಾರಿ ಎಂಬುದು ಕಂದಾಯದ ಒಂದು ಬಾಬ್ತು. ವರಮಾನ ಎಷ್ಟು ಬಂತೆಂಬ ಲೆಕ್ಕ ಕಡತಗಳಲ್ಲಿ ಸಿಗುತ್ತದೆ. ಕುಡಿತ ಬಿಟ್ಟವನು ಮಾರನೆಯ ದಿನ ಏನು ಮಾಡಿದ ಎಂಬುದನ್ನು ಮಾತ್ರ ಬೇರೆಲ್ಲಾದರೂ ಹುಡುಕಬೇಕು.

ನಮ್ಮ ಮದ್ಯದ ಚರಿತ್ರೆ ಹೆಚ್ಚಾಗಿ ಕಾನೂನಿನ ಚರಿತ್ರೆ. ಸಂವಿಧಾನದ 47ನೇ ವಿಧಿ ಪಾನನಿಷೇಧದ ಆಶಯ ಹೇಳಿತು. 1965ರ ಅಬಕಾರಿ ಕಾಯ್ದೆ ಮಾರಾಟದ ವ್ಯವಸ್ಥೆಯನ್ನು ಕಟ್ಟಿತು. 2003ರಲ್ಲಿ ಮದ್ಯದ ಸಗಟು ವಿತರಣೆಗೆ ಸರ್ಕಾರದ್ದೇ ಪಾನೀಯ ನಿಗಮ ಬಂತು. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು, ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿ ಬಂದು ಕೂತಿತು. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದರು. ಅದು ದೊಡ್ಡ ಘಟನೆ, ಅದರ ಬಗ್ಗೆ ಬರೆದದ್ದು ಕಡಿಮೆಯಾಯಿತು. ಆದರೂ ಈ ಎಲ್ಲ ಕಥನಗಳಲ್ಲಿ ಅಂಗಡಿ ಇದೆ, ಸರ್ಕಾರ ಇದೆ, ನೊಂದ ಹೆಂಡತಿ ಇದ್ದಾಳೆ. ಬಿಡಲು ಹೆಣಗುತ್ತಿರುವ ಮನುಷ್ಯ ಇಲ್ಲ.

ಸಾಹಿತ್ಯದಲ್ಲಿ ಇದ್ದಾನೆಯೇ? ಹನ್ನೆರಡನೆಯ ಶತಮಾನದ ಹೆಂಡದ ಮಾರಯ್ಯ ಮೊದಲು ನೆನಪಾಗುತ್ತಾನೆ. ಹೆಂಡ ಮಾರುವುದೇ ಅವನ ಕಾಯಕ, ಧರ್ಮೇಶ್ವರಲಿಂಗ ಅವನ ಅಂಕಿತ. ಕುಡಿಯಲು ಬಂದವರಿಗೇ ಕುಡಿತದ ಕೇಡನ್ನು ತಿಳಿಹೇಳುತ್ತಿದ್ದನೆಂದು ಪರಂಪರೆ ಹೇಳುತ್ತದೆ. ಬೈಯುವವನು ಹೊರಗಿನವನಲ್ಲ, ಗಡಿಗೆ ಹಿಡಿದವನೇ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಆದರೆ ಅವನ ಮಾತು ಕೇಳಿ ಎದ್ದುಹೋದವರಲ್ಲಿ ಎಷ್ಟು ಜನ ಮರುದಿನ ಬರಲಿಲ್ಲ, ಬರದವರಿಗೆ ಆ ಸಂಜೆ ಹೇಗಿತ್ತು ಎಂಬುದನ್ನು ಯಾರೂ ಹೇಳಿಲ್ಲ.

ಇನ್ನೊಬ್ಬ, ಜಿ.ಪಿ. ರಾಜರತ್ನಂ ಅವರ ಯೆಂಡ್ಕುಡ್ಕ ರತ್ನ. ದೇವರೇ ಬಂದು ಹೆಂಡ ಬಿಡು ಎಂದರೆ ರತ್ನ ಒಂದೇ ಉಸಿರಿಗೆ ಒಪ್ಪುತ್ತಾನೆ. ಹೆಂಡತಿಯನ್ನು ಬಿಡು ಎಂದರೂ ಒಪ್ಪುತ್ತಾನೆ. ಕನ್ನಡ ಬಿಡು ಎಂದಾಗ ಮಾತ್ರ ಸಿಡಿಯುತ್ತಾನೆ. ನಾವೆಲ್ಲ ಚಪ್ಪಾಳೆ ತಟ್ಟುವುದು ಮೂರನೆಯದಕ್ಕೆ. ಕುಡಿತಕ್ಕೆ ಸಿಕ್ಕಿದವನೊಬ್ಬ ಕೇಳಿದರೆ ಮೊದಲನೆಯದಕ್ಕೇ ನಕ್ಕಾನು. ಹೆಂಡವನ್ನು ಅಷ್ಟು ಸಲೀಸಾಗಿ ಬಿಡುವುದು ಪದ್ಯದೊಳಗೆ ಮಾತ್ರ ಸಾಧ್ಯ. ಇದು ರಾಜರತ್ನಂ ಅವರ ಮೇಲಿನ ಆಕ್ಷೇಪವಲ್ಲ, ಅವರ ಗುರಿ ಬೇರೆಯಿತ್ತು.

ವರ್ಷಗಟ್ಟಲೆ ಹೆಚ್ಚು ಕುಡಿದವರು ತಟ್ಟನೆ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಗುತ್ತದೆ, ಬೆವರು ಕಿತ್ತುಬರುತ್ತದೆ, ನಿದ್ದೆ ಹೋಗುತ್ತದೆ. ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು ಮೂರು ದಿನಗಳಾದ ಮೇಲೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಇಲ್ಲದ ಹುಳು ಕಾಣುತ್ತದೆ, ಇಲ್ಲದ ದನಿ ಕೇಳುತ್ತದೆ. ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೂ ಅಪಾಯ. 2020ರಲ್ಲಿ ಇಡೀ ರಾಜ್ಯ ಇದನ್ನು ಕಂಡಿತು. ಮಾರ್ಚ್ ಕೊನೆಯಿಂದ ಮೇ 4ರವರೆಗೆ ಮದ್ಯದಂಗಡಿಗಳು ಮುಚ್ಚಿದ್ದವು. ಲಾಕ್‌ಡೌನ್ ಶುರುವಾದ ಮೇಲೆ ಬೆಂಗಳೂರಿನ ಆಸ್ಪತ್ರೆಗಳಿಗೆ ಇಂಥ ಸನ್ನಿ ಹಿಡಿದು ಬಂದವರ ಸಂಖ್ಯೆ ಏರಿದ್ದನ್ನು ನಿಮ್ಹಾನ್ಸ್‌ನ ವೈದ್ಯರು ದಾಖಲಿಸಿದರು. ಮೇ 4ರಂದು ಅಂಗಡಿಗಳ ಮುಂದೆ ಬೆಳೆದ ಸಾಲುಗಳನ್ನು ನೋಡಿ ನಾವು ಮೀಮ್ ಮಾಡಿ ಹಂಚಿಕೊಂಡೆವು. ಆ ಸಾಲಿನಲ್ಲಿ ಮೋಜಿಗೆ ನಿಂತವರೂ ಇದ್ದರು, ಕೈನಡುಕ ನಿಲ್ಲಿಸಲು ನಿಂತವರೂ ಇದ್ದರು.

ದೇಹದ ಈ ಗಲಾಟೆ ಸುಮಾರು ಒಂದು ವಾರದಲ್ಲಿ ತಣಿಯುತ್ತದೆ. ಕಷ್ಟದ ಭಾಗ ಶುರುವಾಗುವುದು ಅಲ್ಲಿಂದ.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ನಮ್ಮ ಕಡೆಯ ಹಳ್ಳಿಗಳಿಗೆ ಪರಿಚಿತ. ರಾಜ್ಯದಲ್ಲಿ ಸಾವಿರದೈನೂರಕ್ಕೂ ಹೆಚ್ಚು ನಡೆದಿವೆ. ಊರಿನ ಸಮುದಾಯ ಭವನವೋ ಕಲ್ಯಾಣ ಮಂಟಪವೋ ಎಂಟು ದಿನದ ಮಟ್ಟಿಗೆ ಶಿಬಿರವಾಗುತ್ತದೆ. ಯೋಗ, ಭಜನೆ, ವೈದ್ಯರ ಮಾತು, ಗುಂಪು ಚರ್ಚೆ, ಮನೆಯವರನ್ನೂ ಕರೆಸುತ್ತಾರೆ. ಕೊನೆಯ ದಿನ ಸಮಾರಂಭ, ಪ್ರತಿಜ್ಞೆ, ಭಾಷಣ, ಪತ್ರಿಕೆಗೆ ಫೋಟೋ. ಒಂಬತ್ತನೆಯ ದಿನ ಮನೆ.

ಒಂಬತ್ತನೆಯ ದಿನದ ಸಂಜೆ ಆರು ಗಂಟೆಗೆ ಅವನು ಏನು ಮಾಡಬೇಕು? ಕುಡಿತದೊಂದಿಗೆ ಹೋದದ್ದು ಬಾಟಲಿ ಮಾತ್ರವಲ್ಲ. ಗೆಳೆಯರು ಹೋದರು, ಕೂರುತ್ತಿದ್ದ ಕಟ್ಟೆ ಹೋಯಿತು, ಹೊತ್ತು ಕಳೆಯುವ ಬಗೆ ಹೋಯಿತು. ಮದುವೆ ಮನೆಯಲ್ಲಿ ಯಾವ ಗುಂಪಿನ ಜೊತೆ ನಿಲ್ಲಬೇಕೆಂದು ತಿಳಿಯುವುದಿಲ್ಲ. ಅಮಲಿನಲ್ಲಿ ಮಾಸಿದ್ದ ಸಾಲ, ಆಡಿದ ಮಾತು, ಎತ್ತಿದ ಕೈ ಎಲ್ಲ ಈಗ ಸ್ಪಷ್ಟವಾಗಿ ಕಾಣುತ್ತವೆ. ಕುಡಿತ ಬಿಟ್ಟವನು ಖುಷಿಯಾಗಿರಬೇಕು ಎಂದು ಊರು ನಿರೀಕ್ಷಿಸುತ್ತದೆ. ಅವನಿಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಯಾವುದರಲ್ಲೂ ರುಚಿ ಹತ್ತುವುದಿಲ್ಲ. ವೈದ್ಯರಿಗೆ ಇದು ಗೊತ್ತಿರುವ ಲಕ್ಷಣ. ಮನೆಯವರಿಗೆ ಅದು ಸೊಟ್ಟ ಮುಖ.

ಹೆಂಡತಿಯ ಕಡೆಯಿಂದ ನೋಡಿದರೆ ಇನ್ನೊಂದು ತೊಡಕು. ಡೈಸಲ್ಫಿರಾಮ್ ಎಂಬ ಮಾತ್ರೆಯಿದೆ. 1948ರ ಹೊತ್ತಿಗೆ ಡೆನ್ಮಾರ್ಕಿನ ಸಂಶೋಧಕರು ಅದರ ಗುಣವನ್ನು ವಿವರಿಸಿದ್ದರು. ಅದನ್ನು ನುಂಗಿದವರು ಕುಡಿದರೆ ಮುಖ ಕೆಂಪೇರಿ, ಎದೆ ಬಡಿದುಕೊಂಡು, ವಾಂತಿಯಾಗುತ್ತದೆ. ನಮ್ಮಲ್ಲಿ ಅದನ್ನು ದಿನಾ ಬೆಳಿಗ್ಗೆ ಕೊಟ್ಟು ನುಂಗಿಸುವ ಕೆಲಸ ಹೆಚ್ಚಾಗಿ ಹೆಂಡತಿಯ ಪಾಲಿಗೆ. ಅವಳು ಪಹರೆಯವಳಾಗುತ್ತಾಳೆ, ಅವನು ಸಂಶಯಕ್ಕೆ ಗುರಿಯಾದವನು. ಅರ್ಧ ಗಂಟೆ ತಡವಾದರೆ ಅವಳ ಮೂಗು ಮೊದಲು ಕೆಲಸ ಮಾಡುತ್ತದೆ. ಹತ್ತು ವರ್ಷ ಪೆಟ್ಟು ತಿಂದವಳಿಗೆ ಹತ್ತು ದಿನದಲ್ಲಿ ನಂಬಿಕೆ ಬಾ ಎಂದರೆ ಎಲ್ಲಿಂದ ಬರಬೇಕು? ಅವನಿಗೆ ತಿಳಿಯದಂತೆ ಸಾರಿನಲ್ಲಿ ಮಾತ್ರೆ ಬೆರೆಸುವುದೂ ಉಂಟು. ಅದು ಜೀವಕ್ಕೇ ಅಪಾಯ, ಗೊತ್ತಾದ ದಿನ ಉಳಿದಿದ್ದ ವಿಶ್ವಾಸವೂ ಮುಗಿಯುತ್ತದೆ.

ಶಿಬಿರ ನಡೆಸುವವರಿಗೂ ಇದರ ಅಂದಾಜಿದೆ. ಆದ್ದರಿಂದಲೇ ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿಗಳನ್ನು ಮಾಡಿದ್ದಾರೆ. ಬಿಟ್ಟವರು ಆಗಾಗ ಸೇರಿ ಕೂರುತ್ತಾರೆ. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಇಬ್ಬರು ಕುಡುಕರು ಪರಸ್ಪರ ಮಾತಾಡುತ್ತ ಶುರುಮಾಡಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಡ ಇದೇ ತಿಳಿವಳಿಕೆಯ ಮೇಲೆ ನಿಂತಿದೆ: ಇಂದೊಂದು ದಿನ ಕುಡಿಯದಿದ್ದರೆ ಸಾಕು. ನನ್ನ ಮಟ್ಟಿಗೆ ಸಮಾರಂಭದ ಪ್ರತಿಜ್ಞೆಗಿಂತ ಈ ಸಣ್ಣ ಕೂಟಗಳೇ ದೊಡ್ಡವು. ಪ್ರತಿಜ್ಞೆ ಜೀವನಪೂರ್ತಿಯದು, ಮುರಿದರೆ ಊರಿಗೆ ಮುಖ ತೋರಿಸಲಾಗದು, ಆ ನಾಚಿಕೆಯೇ ಮತ್ತೆ ಅಂಗಡಿಗೆ ಅಟ್ಟುತ್ತದೆ. ಕೂಟದಲ್ಲಿ ಜಾರಿದವನೂ ಬಂದು ಕೂರಬಹುದು. ನಮ್ಮ ಹಳ್ಳಿಯ ಮಾತು ಇದನ್ನು ವೈದ್ಯಶಾಸ್ತ್ರಕ್ಕಿಂತ ಮೊದಲೇ ಅರಿತಂತಿದೆ. ಯಾರೂ ‘ಅವನು ಕುಡಿತ ಬಿಟ್ಟ’ ಎಂದು ಮುಗಿಸುವುದಿಲ್ಲ. ‘ಬಿಟ್ಟಿದ್ದಾನೆ’ ಎನ್ನುತ್ತಾರೆ. ಕ್ರಿಯೆ ಇನ್ನೂ ನಡೆಯುತ್ತಿದೆ.

2019ರಲ್ಲಿ ಪ್ರಕಟವಾದ, ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಅದೇ ಸಮೀಕ್ಷೆ ಕುಡಿಯುವ ಗಂಡಸರು ಶೇ. 27.3, ಹೆಂಗಸರು ಶೇ. 1.6 ಎನ್ನುತ್ತದೆ. ಈ 1.6ರಲ್ಲಿ ತೋಟದ ಲೈನುಮನೆಗಳ ಹೆಂಗಸರೂ ಇದ್ದಾರೆ, ದಿನವಿಡೀ ಮಳೆಯಲ್ಲಿ ನೆನೆದು ಬಂದು ಮೈಕೈ ನೋವಿಗೆಂದು ಒಂದು ಲೋಟ ಹಾಕುವವರು. ಶಿಬಿರದ ಫೋಟೋಗಳಲ್ಲಿ ಹೆಂಗಸರು ಕಾಣುತ್ತಾರೆ, ಶಿಬಿರಾರ್ಥಿಗಳ ಹೆಂಡತಿಯರಾಗಿ, ತಾಯಂದಿರಾಗಿ. ತಾನೇ ಕುಡಿಯುವವಳು ಬಿಡಬೇಕೆಂದರೆ ಎಂಟು ದಿನ ಯಾವ ಭವನದಲ್ಲಿ ಮಲಗಬೇಕು, ಆ ಎಂಟು ದಿನ ಮನೆಯಲ್ಲಿ ಒಲೆ ಹಚ್ಚುವವರು ಯಾರು?