ಕೆತ್ತಿದ ಹೆಸರು, ಕೆತ್ತಿದವನ ಹೆಸರು

ನಮ್ಮ ಕಡೆ ಮದುವೆಗೆಂದು ಪಾತ್ರೆ ಕೊಂಡರೆ ಅಂಗಡಿಯವನು ತಪ್ಪದೆ ಒಂದು ಮಾತು ಕೇಳುತ್ತಾನೆ: "ಹೆಸರು ಏನಂತ ಹಾಕಲಿ?" ನಮ್ಮ ತಾಯಿ ಜಹೇಜಿನಲ್ಲಿ ತಂದ ತಾಮ್ರದ ಹಂಡೆಯ ಕಂಠದ ಮೇಲೆ ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಕೊರೆದ ಕನ್ನಡ ಅಕ್ಷರಗಳಿವೆ. ಮನೆಮಾತು ಉರ್ದುವಾದರೂ ಹಂಡೆಯ ಮಾತು ಕನ್ನಡ. ಅಲ್ಲಿರುವುದು ತಾಯಿಯ ಹೆಸರಲ್ಲ, ಹಂಡೆ ಕೊಡಿಸಿದ ತಾತನ ಹೆಸರು. ಐವತ್ತು ವರ್ಷ ಅದರಲ್ಲಿ ನೀರು ಕಾಯಿಸಿದವರು ಮಾತ್ರ ತಾಯಿ. ಕೆತ್ತಿದವನ ಹೆಸರಂತೂ ಯಾರಿಗೂ ನೆನಪಿಲ್ಲ.

ಶಾಸನಗಳ ಮುಂದೆ ನಿಂತಾಗಲೆಲ್ಲ ನಮಗೆ ಈ ಹಂಡೆ ನೆನಪಾಗುತ್ತದೆ. ಕಲ್ಲಿನಲ್ಲಿ ಯಾರ ಹೆಸರು ಉಳಿಯಿತು? ಯಾರ ಕೈ ಮರೆಯಾಯಿತು?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಇಂದು ದಾವಣಗೆರೆ ಜಿಲ್ಲೆಯ ತಾಲೂಕುಗಳು. 1997ರಲ್ಲಿ ಈ ಜಿಲ್ಲೆ ಹುಟ್ಟುವವರೆಗೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿದ್ದು ಅದಕ್ಕೂ ಎಷ್ಟೋ ವರ್ಷಗಳ ನಂತರ. ಹೀಗಾಗಿ ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದಲ್ಲಿ ಹೊನ್ನಾಳಿ, ಚನ್ನಗಿರಿಗಳ ಶಾಸನಗಳನ್ನು 7ನೇ ಸಂಪುಟದಲ್ಲಿಯೂ ಜಗಳೂರಿನವನ್ನು 11ನೇ ಸಂಪುಟದಲ್ಲಿಯೂ ಹುಡುಕಬೇಕು. ಬೆಂಗಳೂರಿನಲ್ಲಿಯೇ ಹುಟ್ಟಿದ ರೈಸ್ ಊರೂರು ಸುತ್ತಿಸಿ ಸಂಗ್ರಹಿಸಿದ ಶಾಸನಗಳು ಎಂಟು ಸಾವಿರಕ್ಕೂ ಹೆಚ್ಚು. ಪಡಿಯಚ್ಚು ತೆಗೆಯುವ ಕ್ರಮ ಸರಳ. ತೊಳೆದ ಕಲ್ಲಿಗೆ ಒದ್ದೆ ಕಾಗದ ಹಚ್ಚಿ ಕುಂಚದಿಂದ ಬಡಿದರೆ ಕಾಗದ ಅಕ್ಷರದ ಕುಳಿಯೊಳಗೆ ಇಳಿಯುತ್ತದೆ. ಮೇಲೆ ಮಸಿ ಒತ್ತಿದರೆ ಕಲ್ಲಿನ ಮೈ ಕಪ್ಪಾಗಿ, ಕೊರೆದ ಅಕ್ಷರ ಬೆಳ್ಳಗೆ ಮೂಡುತ್ತದೆ.

ಜಗಳೂರಿನ ಈಶಾನ್ಯಕ್ಕೆ, ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ 1892ರಲ್ಲಿ ರೈಸ್ ಅವರಿಗೆ ಅಶೋಕನ ಶಾಸನಗಳು ಸಿಕ್ಕವು. ಶಾಲೆಯ ಪುಸ್ತಕಗಳು ಅಶೋಕನನ್ನು ಹೇಳಿ ಮುಂದೆ ಹೋಗುತ್ತವೆ. ಆದರೆ ಶಾಸನದ ಕೊನೆಯಲ್ಲಿ ಇನ್ನೊಂದು ಹೆಸರಿದೆ: ಚಪಡ. ಅದನ್ನು ಬರೆದ ಲಿಪಿಕಾರ ಅವನು. ಚಕ್ರವರ್ತಿಯ ಮಾತೆಲ್ಲ ಬ್ರಾಹ್ಮಿ ಲಿಪಿಯಲ್ಲಿ ಎಡದಿಂದ ಬಲಕ್ಕೆ ಸಾಗುತ್ತದೆ. ತಾನು ಲಿಪಿಕಾರನೆಂದು ಹೇಳುವ ಒಂದೇ ಒಂದು ಪದವನ್ನು ಮಾತ್ರ ಚಪಡ ಖರೋಷ್ಠಿಯಲ್ಲಿ ಬರೆದ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ, ಬಲದಿಂದ ಎಡಕ್ಕೆ ಓಡುವಂಥದ್ದು. ಅದರ ಬೇರು ಅರಮೇಯಿಕ್ ಲಿಪಿಯಲ್ಲಿದೆ. ಅರಬಿ ಲಿಪಿಯೂ, ಅದರಿಂದ ಉರ್ದುವಿನ ಲಿಪಿಯೂ ಇಳಿದು ಬಂದದ್ದು ಅದೇ ಬೇರಿನ ಇನ್ನೊಂದು ಕವಲಿನಿಂದ. ಬೆಳಿಗ್ಗೆ ಬಲದಿಂದ ಎಡಕ್ಕೆ, ಮಧ್ಯಾಹ್ನ ಎಡದಿಂದ ಬಲಕ್ಕೆ ಬರೆದು ಬೆಳೆದ ನಮಗೆ ಇದು ಬರೀ ಸುದ್ದಿಯಲ್ಲ. ಎರಡು ದಿಕ್ಕಿನ ಬರಹ ಒಂದೇ ಕೈಯಲ್ಲಿ, ಒಂದೇ ಬಂಡೆಯ ಮೇಲೆ, ಕನ್ನಡ ನಾಡಿನಲ್ಲಿ ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿಯೇ ಕೂಡಿತ್ತು.

ಇನ್ನು ಪಶ್ಚಿಮಕ್ಕೆ ಹೋಗೋಣ. ಹೊನ್ನಾಳಿ, ನ್ಯಾಮತಿಗಳ ನೆರೆಯ ಶಿಕಾರಿಪುರ ತಾಲೂಕಿನಲ್ಲಿ ತಾಳಗುಂದವಿದೆ. ಅಲ್ಲಿನ ಕಂಬದ ಮೇಲೆ ಕದಂಬರ ಚರಿತ್ರೆಯನ್ನು ಸಂಸ್ಕೃತ ಕಾವ್ಯವಾಗಿ ರಚಿಸಿದವನು ಕವಿ ಕುಬ್ಜ. ಕಾವ್ಯವನ್ನು ಕಲ್ಲಿನ ಮೇಲೆ ಬರೆದವನೂ ತಾನೇ ಎಂದು ಅವನು ಹೇಳಿಕೊಂಡಿದ್ದಾನೆ. ಇದು ಅಪರೂಪ. ಸಾಮಾನ್ಯವಾಗಿ ಪದ್ಯ ಕಟ್ಟುವವನು ಒಬ್ಬ, ಅದನ್ನು ಕಲ್ಲಿನ ಮೇಲೆ ಬರೆದುಕೊಡುವವನು ಇನ್ನೊಬ್ಬ, ಉಳಿ ಹಿಡಿದು ಕಂಡರಿಸುವವನು ಮತ್ತೊಬ್ಬ. ಅದೇ ತಾಲೂಕಿನ ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ ಹನ್ನೆರಡನೆಯ ಶತಮಾನದಲ್ಲಿ ಬೇಲೂರಿಗೆ ಹೋಗಿ ಮದನಿಕೆಯರನ್ನು ಕಡೆದು, ಕೆಳಗೆ ತಮ್ಮ ಹೆಸರು ಕೊರೆದರು. ಆ ಎರಡು ಸಾಲು ಇರದಿದ್ದರೆ ಎಲ್ಲವೂ ಜಕಣಾಚಾರಿಯ ಲೆಕ್ಕಕ್ಕೇ ಸೇರುತ್ತಿತ್ತು!

ರಾಜರು, ಕವಿಗಳು ಹೋಗಲಿ, ಸಾಮಾನ್ಯರಿಗೆ ಕಲ್ಲಿನಲ್ಲಿ ಜಾಗ ಸಿಕ್ಕಿದ್ದು ಎಲ್ಲಿ? ನ್ಯಾಮತಿ ತಾಲೂಕಿನ ಬೆಳಗುತ್ತಿ ಸಿಂದರ ರಾಜಧಾನಿಯಾಗಿತ್ತು. ಅವರ ಕಾಲದ ಶಾಸನಗಳೂ ವೀರಗಲ್ಲುಗಳೂ ಅಲ್ಲಿ ದೊರೆತಿವೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಊರ ದನಗಳನ್ನು ಹೊಡೆದುಕೊಂಡು ಹೋಗುವವರನ್ನು ಅಡ್ಡಗಟ್ಟಿ ಸತ್ತವನಿಗೂ ಇಂಥ ಕಲ್ಲು ನಿಂತಿದೆ. ಅವನ ಹೆಂಡತಿಯ ಪಾಲಿಗೆ ಬಂದದ್ದು ಮಾಸ್ತಿಕಲ್ಲು: ಕಂಬದಿಂದ ಚಾಚಿದ ಒಂದು ತೋಳು, ಮಣಿಕಟ್ಟಿನ ತುಂಬ ಬಳೆ. ಎಷ್ಟೋ ಕಲ್ಲುಗಳಲ್ಲಿ ಹೆಸರಿಲ್ಲ, ಮುಖವೂ ಇಲ್ಲ, ತೋಳು ಮಾತ್ರ. ಉರಿಯಲ್ಲಿ ಹೋದವಳಿಗೆ ಊರು ಕೊಟ್ಟ ಗೌರವ ಅದು. ಅದರ ಮುಂದೆ ಕೈಮುಗಿಯುವವರನ್ನು ನಾವು ಹಗುರ ಮಾಡುವುದಿಲ್ಲ. ಆದರೆ ಅವಳ ಹೆಸರೇನೆಂದು ಕೇಳದಿರಲೂ ಆಗುವುದಿಲ್ಲ.

ಚನ್ನಗಿರಿ ತಾಲೂಕಿನ ಸಂತೇಬೆನ್ನೂರಿಗೆ ಬಂದರೆ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ಅಲ್ಲಿನ ಪುಷ್ಕರಣಿ ಪಾಳೇಗಾರ ಹನುಮಪ್ಪ ನಾಯಕ ಕಟ್ಟಿಸಿದ್ದು. ಪಕ್ಕದ ಮುಸಾಫಿರಖಾನೆ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ಹೆಸರಿನಲ್ಲಿದೆ. ಇವೆರಡರ ನಡುವೆ ಒಂದು ಸೇಡಿನ ಕಥೆಯೂ ಇದೆ. ಖಾನ ಗುಡಿಯನ್ನು ಕೆಡವಿ ಮಸೀದಿ ಕಟ್ಟಿಸಿದನೆಂದು, ನಾಯಕ ಆ ಮಸೀದಿಯನ್ನು ಅಪವಿತ್ರಗೊಳಿಸಿ ಸೇಡು ತೀರಿಸಿಕೊಂಡನೆಂದು ಹೇಳುತ್ತಾರೆ. ನಾವು ಅದನ್ನು ಮುಚ್ಚಿಡಬೇಕಾಗಿಲ್ಲ. ದಂಡು ಕಟ್ಟಿಕೊಂಡು ಬಂದವರು ಯಾವ ಧರ್ಮದವರಾದರೂ ದಂಡಿನ ಕೆಲಸವನ್ನೇ ಮಾಡಿದರು. ಅದೇ ರಣದುಲ್ಲಾ ಖಾನನ ಜೊತೆ ಬಿಜಾಪುರದ ಪರವಾಗಿ ದಂಡೆತ್ತಿ ಬಂದವರಲ್ಲಿ ಶಿವಾಜಿಯ ತಂದೆ ಶಹಾಜಿಯೂ ಒಬ್ಬರು. 1664ರಲ್ಲಿ ತೀರಿಕೊಂಡ ಅವರ ಸಮಾಧಿ ಇದೇ ತಾಲೂಕಿನ ಹೊದಿಗೆರೆಯಲ್ಲಿದೆ. ಸೇಡಿನ ಕಥೆ ಹೇಳುವವರು ಈ ಸಮಾಧಿಯವರೆಗೂ ನಡೆದು ಬರಬೇಕು.

ಆಮೇಲೆ ಕಲ್ಲುಗಳನ್ನು ನೋಡಬೇಕು. ಕೊಳದ ನಡುವಿನ ವಸಂತ ಮಂಟಪಕ್ಕೆ ಕಮಾನುಗಳಿವೆ, ಮೇಲೆ ಅಂತಸ್ತು ಅಂತಸ್ತಾಗಿ ಕಿರಿದಾಗುವ ಗೋಪುರವಿದೆ. ಅದನ್ನು ಕಡೆದವನಿಗೆ ಕಮಾನು ಪರಕೀಯ ಅನಿಸಲಿಲ್ಲ. ಕಲ್ಲುಕುಟಿಗರು ಕೆಲಸವಿದ್ದಲ್ಲಿಗೆ ಹೋದರು, ಕಂಡದ್ದನ್ನು ಕಲಿತರು. ಬಿಜಾಪುರದ ಇಬ್ರಾಹಿಂ ರೋಜಾದ ಗೋಡೆಗಳಲ್ಲಿ ಅಕ್ಷರಗಳು ಉಬ್ಬಿ ನಿಂತಿವೆ. ನಮ್ಮ ಶಿಲಾಶಾಸನಗಳಲ್ಲಿ ಅಕ್ಷರ ಒಳಗೆ ಇಳಿಯುತ್ತದೆ, ಅಲ್ಲಿ ಅಕ್ಷರದ ಸುತ್ತಲಿನ ಕಲ್ಲನ್ನು ತೆಗೆದು ಅಕ್ಷರವನ್ನು ಮೇಲೆ ಉಳಿಸುತ್ತಾರೆ. ಒಂದರಲ್ಲಿ ಬೇಕಾದದ್ದನ್ನು ಕೊರೆಯುವುದು, ಇನ್ನೊಂದರಲ್ಲಿ ಬೇಡದ್ದನ್ನು ಕೊರೆಯುವುದು. ಉಳಿ ಒಂದೇ. ಕನ್ನಡದಲ್ಲಿ 'ಕಂಡರಿಸು' ಎನ್ನುತ್ತೇವೆ, ಉರ್ದುವಿನಲ್ಲಿ 'ಕಂದಾ ಕರ್‌ನಾ' ಎನ್ನುತ್ತಾರೆ. ಒಂದೇ ಬೇರಿನ ಪದಗಳೆಂದು ನಾವು ವಾದಿಸುವುದಿಲ್ಲ, ಕಿವಿಗೆ ಮಾತ್ರ ನೆರೆಮನೆಯವರಂತೆ ಕೇಳುತ್ತವೆ.

ಈ ಕಲ್ಲುಗಳ ಇಂದಿನ ಗತಿ ಓದುಗರಿಗೆ ಗೊತ್ತಿಲ್ಲದ್ದೇನಲ್ಲ. ವೀರಗಲ್ಲುಗಳು ಬಟ್ಟೆ ಒಗೆಯುವ ಕಲ್ಲಾಗಿವೆ, ಚರಂಡಿಯ ಚಪ್ಪಡಿಯಾಗಿವೆ. ನಿಧಿಯ ಆಸೆಗೆ ಬುಡ ಅಗೆದು ಉರುಳಿಸುವವರಿದ್ದಾರೆ. ಭಕ್ತಿಯಿಂದ ಎಣ್ಣೆಬಣ್ಣ ಬಳಿದು ಅಕ್ಷರ ಮುಚ್ಚುವವರೂ ಇದ್ದಾರೆ. ಓದದೆಯೇ ಕಲ್ಲನ್ನು ಜಗಳಕ್ಕೆ ಸಾಕ್ಷಿ ಕರೆಯುವವರಿಗಂತೂ ಬರವಿಲ್ಲ. ಹಳೆಯ ಖಬರಸ್ತಾನಗಳ ಬರಹದ ಕಲ್ಲುಗಳನ್ನು ಕಿತ್ತು ಕಾಂಪೌಂಡಿಗೆ ಹಾಕುವಾಗ ನಾವೂ ಇದೇ ತಪ್ಪು ಮಾಡುತ್ತೇವೆ. ಕೆರೆ ಏರಿಯ ಮೇಲೆ ಅಕ್ಷರವಿರುವ ಕಲ್ಲು ಕಂಡರೆ ಬಣ್ಣ ಬಳಿಯಬೇಡಿ, ಅಲುಗಿಸಬೇಡಿ. ಇಳಿಬಿಸಿಲಿನಲ್ಲಿ, ನೆರಳು ಅಕ್ಷರದೊಳಗೆ ಬೀಳುವ ಹೊತ್ತಿಗೆ ಒಂದು ಫೋಟೋ ತೆಗೆಯಿರಿ. ಪುರಾತತ್ವ ಇಲಾಖೆಗೋ ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟರಿಗೋ ತಿಳಿಸಿ.

ಮೊನ್ನೆ ಒಂದು ಸ್ಟೀಲ್ ಡಬ್ಬಿ ಕೊಂಡೆವು. ಈಗ ಉಳಿ ಇಲ್ಲ, ಗುಂಯ್‌ಗುಡುವ ವಿದ್ಯುತ್ ಪೆನ್ನು. "ಯಾರ ಹೆಸರು?" ಎಂದ ಹುಡುಗ. ತಾಯಿಯ ಹೆಸರು ಹೇಳಿದೆವು. ಬರೆದು ಮುಗಿಸಿ, ಲೋಹದ ಪುಡಿ ಊದಿ, ಡಬ್ಬಿ ಕೈಗಿಟ್ಟ. ಅವನ ಹೆಸರು ಕೇಳಿದೆವು. "ನನ್ನದ್ಯಾಕೆ ಸಾರ್?" ಎಂದು ನಕ್ಕು ಮುಂದಿನ ಗಿರಾಕಿಯ ಕೊಡ ಎತ್ತಿಕೊಂಡ.